ಹೆಂಡತಿ ಬದಲು ನಾನೇ ಮಕ್ಕಳಾಗದಂತೆ ಆಪರೇಶನ್ (ಸಂತಾನಹರಣ) ಮಾಡಿಸಿಕೊಳ್ಳಬೇಕು ಅಂತಿದ್ದೇನೆ. ಚೀಲ ಎತ್ತುವ ಕೆಲಸಕ್ಕೆ ತೊಂದರೆ ಆಗುತ್ತಾ?

ಬ್ಯಾಡಗಿ ಗಾಡಿಯವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವನು. ವಯಸ್ಸು 33. ಸ್ವಂತ ಟಾಟಾ ಏಸ್ ಗಾಡಿ ಇದೆ. ಸೀಸನ್ನಿನಲ್ಲಿ ಸುತ್ತಲಿನ ಊರುಗಳಿಂದ ಮೆಣಸಿನಕಾಯಿ ಚೀಲ ತುಂಬಿಕೊಂಡು ಮಾರ್ಕೆಟ್ಟಿಗೆ ಹಾಕುತ್ತೇನೆ. ಉಳಿದ ದಿನ ಗೊಬ್ಬರ, ಗೋವಿನಜೋಳ, ಸಿಕ್ಕಿದ್ದು. ಹಮಾಲರು ಸಿಗದ ಕಡೆ ಚೀಲ ನಾನೇ ಎತ್ತುತ್ತೇನೆ. ಇದನ್ನು ಮೊದಲೇ ಹೇಳಿದ್ದು ಯಾಕೆ ಅಂದರೆ ನನ್ನ ಪ್ರಶ್ನೆ ಇರುವುದೇ ಅಲ್ಲಿ.

ನಮಗೆ ಇಬ್ಬರು ಮಕ್ಕಳು. ಮಗಳಿಗೆ ಐದು ವರ್ಷ, ಮಗನಿಗೆ ಒಂದು ವರ್ಷ ಎರಡು ತಿಂಗಳು. ಎರಡೂ ಸಿಜೇರಿಯನ್. ಎರಡನೇ ಸಲ ಹೆಂಡತಿಗೆ ಬಹಳ ರಕ್ತ ಹೋಯಿತು, ಎರಡು ಬಾಟಲಿ ರಕ್ತ ಹಾಕಿದರು. ಮಗುವಿನ ತೂಕ ಕಡಿಮೆ ಇತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮಗು ಉಳಿಯುತ್ತೋ ಇಲ್ಲವೋ ಅನ್ನುವ ಹೆದರಿಕೆಯಲ್ಲಿ ಆಗ ಆಪರೇಶನ್ ಮಾಡಿಸಲಿಲ್ಲ. ದೇವರ ದಯೆ, ಮಗ ಚೆನ್ನಾಗಿದ್ದಾನೆ. ಹೆಂಡತಿ ಮಾತ್ರ ಇನ್ನೂ ಸುಧಾರಿಸಿಲ್ಲ. ಕಳೆದ ತಿಂಗಳು ಆಶಾ ಅಕ್ಕ ಕರೆದುಕೊಂಡು ಹೋಗಿ ರಕ್ತ ತೋರಿಸಿದರು, ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 8.4 ಬಂತು, ಅಂದರೆ ರಕ್ತ ಕಡಿಮೆ. ಹಾಗಿದ್ದರೂ ಬೆಳಗ್ಗೆ ಎದ್ದು ರೊಟ್ಟಿ ಬಡಿದು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ.

ಈಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು. ಚಳಿಗಾಲ ಬಂತು, ಈಕೆಯ ಆಪರೇಶನ್ ಮುಗಿಸಿಬಿಡಿ ಅಂತ. ಮೊನ್ನೆ ಊಟಕ್ಕೆ ಕೂತಾಗ ನಾನು, "ಆಕಿಗೆ ಬ್ಯಾಡ, ನಾ ಮಾಡಿಸ್ಕೋತೀನಿ" ಅಂದೆ. ಅವ್ವ ಊಟ ಬಿಟ್ಟು ಎದ್ದಳು. "ದುಡಿಯೋ ಗಂಡಸು ನೀ. ನಿನ್ನ ಕಸುವು ಹೋದ್ರ ಮನಿ ನಡಸೋರ್ಯಾರು?" ಅಂತ ಅತ್ತಳು. ಕಾಕಾ ಇನ್ನೊಂದು ಮಾತು ಅಂದರು. "ನಾಳೆ ಆಕಿಗೆ ಏನರ ಹೆಚ್ಚುಕಮ್ಮಿ ಆದ್ರ ನೀ ಇನ್ನೊಂದು ಮದುವಿ ಆಗಬೇಕಾಗ್ತದ. ಆಗ ಏನ್ ಮಾಡ್ತಿ?" ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಅದು ನನ್ನ ಕಿವಿಯಿಂದ ಹೋಗುತ್ತಿಲ್ಲ.

ನಾನು ಹೀಗೆ ಹಟ ಹಿಡಿಯಲು ನಮ್ಮ ಅಕ್ಕ ಕಾರಣ. ಆಕೆಗೆ 17ಕ್ಕೆ ಮದುವೆ ಮಾಡಿದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಮುಂದೆ ಓದುತ್ತೇನೆ ಅಂತ ಅಳುತ್ತಿದ್ದಳು. ನಾನು ಆಗ ಸಣ್ಣವ. ಮದುವೆಯ ಬೂಂದಿ ಉಂಡೆ ತಿಂದದ್ದು ಮಾತ್ರ ನನಗೆ ನೆನಪಿದೆ. 20ಕ್ಕೆ ಎರಡು ಮಕ್ಕಳು. 23ಕ್ಕೆ ಆಪರೇಶನ್. ಆಮೇಲೆ ಸೊಂಟ ನೋವು, ಬಿಳುಪು ಹೋಗುವುದು. ಒಂದು ಖಾಸಗಿ ಆಸ್ಪತ್ರೆಯಲ್ಲಿ, ಗರ್ಭಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಅಂದರು. ಕಿವಿಯ ಓಲೆ ಮಾರಿ ತೆಗೆಸಿದರು. ಆಗ ಆಕೆಗೆ 30. ಈಗ 39. ಮೈ ಎಲ್ಲಾ ಬಿಸಿ ಅನ್ನುತ್ತಾಳೆ, ಮೊಣಕಾಲು ಹಿಡಿದುಕೊಂಡು ಏಳುತ್ತಾಳೆ. ನಮ್ಮ ಅವ್ವನಿಗಿಂತ ಅಕ್ಕನೇ ಮುದುಕಿಯಂತೆ ಕಾಣುತ್ತಾಳೆ. ಇಷ್ಟೆಲ್ಲ ಆದಾಗ ನಮ್ಮ ಮಾವನ, ಅಂದರೆ ಅಕ್ಕನ ಗಂಡನ, ಮೈಯಿಗೆ ಒಂದು ಸೂಜಿ ಕೂಡ ಚುಚ್ಚಲಿಲ್ಲ.

ಆಶಾ ಅಕ್ಕ ಆಗುತ್ತೆ ಅಂದರು. ಆದರೆ ನಮ್ಮ ಊರಲ್ಲಿ ಮಾಡಿಸಿಕೊಂಡ ಗಂಡಸನ್ನು ತೋರಿಸಿ ಅಂದರೆ ಒಬ್ಬರೂ ಇಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮಾಡಿಸಿಕೊಂಡವರು ಇದ್ದರೆ ನಿಜ ಹೇಳಿ. ಎಷ್ಟು ದಿನ ಕೆಲಸ ಬಿಡಬೇಕು? 50 ಕೆಜಿ ಚೀಲ ಎತ್ತಲು ಆಗುತ್ತಾ? ಗಂಡ ಹೆಂಡತಿ ಸಂಬಂಧಕ್ಕೆ ಏನಾದರೂ ತೊಂದರೆ ಇದೆಯಾ? ಹೆಸರು ಹೇಳಬೇಕಿಲ್ಲ.

ಮುಂಡರಗಿ ರೈತ:

ತಮ್ಮಾ, ನಾನು ಮಾಡಿಸಿಕೊಂಡು ನಾಲ್ಕು ವರ್ಷ ಆಯಿತು. ಇದನ್ನು ಬರೆದು ಹೇಳುತ್ತಿರುವುದು ಇದೇ ಮೊದಲು.

ನನ್ನದು ಎಂಟು ಎಕರೆ ಒಣಬೇಸಾಯ. ಕಡಲೆ, ಜೋಳ, ಸೂರ್ಯಕಾಂತಿ. ಬೆಳಗ್ಗೆ ಹತ್ತಕ್ಕೆ ಆಸ್ಪತ್ರೆಗೆ ಹೋದೆ. ಉಪವಾಸ ಇರಬೇಕಿಲ್ಲ, ತಿಂಡಿ ತಿಂದು ಬಾ ಅಂದಿದ್ದರು. ಕೂದಲು ತೆಗೆದು ಸ್ವಚ್ಛ ಮಾಡಿಕೊಂಡು ಹೋಗಿದ್ದೆ. ಮಲಗಿಸಿ ಬೀಜದ ಚೀಲದ ಚರ್ಮಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ನೋವು ಅಂದರೆ ಅದೊಂದೇ, ಕೆಂಪಿರುವೆ ಕಚ್ಚಿದ ಹಾಗೆ. ಆಮೇಲೆ ಎಳೆದಂತೆ ಅನ್ನಿಸುತ್ತೆ, ಹೊಟ್ಟೆಯ ಕೆಳಗೆ ಸ್ವಲ್ಪ ತೊಳಸಿದಂತೆ. ಡಾಕ್ಟರು ಮಳೆ ಬೆಳೆ ವಿಚಾರಿಸುತ್ತಲೇ ಮುಗಿಸಿದರು. ಇಪ್ಪತ್ತು ನಿಮಿಷ ಆಗಿರಬೇಕು. ಹೊಲಿಗೆ ಇಲ್ಲ, ಸಣ್ಣ ತೂತು ಅಷ್ಟೆ, ಮೇಲೊಂದು ಪಟ್ಟಿ. ಒಂದು ತಾಸು ಕೂಡಿಸಿ ಕಳಿಸಿದರು. ಬೈಕಿನಲ್ಲಿ ಹೋಗಬೇಡ ಅಂದದ್ದಕ್ಕೆ ಬಸ್ಸಿಗೆ ಬಂದೆ. ನಮ್ಮ ರೋಡಿನ ಗುಂಡಿಗಳಲ್ಲಿ ಬಸ್ಸೂ ಕಮ್ಮಿ ಏನಿಲ್ಲ. ಗಾಡಿ ಮಾಡಿಕೊಂಡು ಬರಬೇಕಿತ್ತು ಅನ್ನಿಸಿತು.

ಎರಡು ದಿನ ಮಲಗಿದೆ. ಬಿಗಿ ಚಡ್ಡಿ ಹಾಕಲೇಬೇಕು, ಇಲ್ಲದಿದ್ದರೆ ಭಾರಕ್ಕೆ ನೋಯುತ್ತೆ. ಚರ್ಮ ಒಂದು ವಾರ ನೀಲಿಗಟ್ಟಿತ್ತು, ಹೆದರಿದ್ದೆ, ತಾನಾಗಿ ಹೋಯಿತು. ಹತ್ತನೇ ದಿನಕ್ಕೆ ಕಡಲೆ ಚೀಲ ಎತ್ತಿದೆ. ಇವತ್ತಿಗೂ ಎತ್ತುತ್ತಿದ್ದೇನೆ. ಗಂಡ ಹೆಂಡತಿ ವಿಷಯ ಕೇಳಿದಿಯಲ್ಲ, ಮೊದಲು ಹೇಗಿತ್ತೋ ಹಾಗೇ. ಆಗ ಸರ್ಕಾರದಿಂದ ಖಾತೆಗೆ 1,100 ರೂಪಾಯಿ ಬಂತು.

ಊರಲ್ಲಿ ಹರ್ನಿಯಾ ಆಪರೇಶನ್ ಅಂತ ಹೇಳಿದೆ. ಇದು ಮಾತ್ರ ನನ್ನ ಮನಸ್ಸಿಗೆ ಚುಚ್ಚುತ್ತೆ. ಆಮೇಲೆ ನಮ್ಮ ಓಣಿಯ ಒಬ್ಬ ಹುಡುಗ ನಿನ್ನ ಹಾಗೇ ಎಲ್ಲರನ್ನೂ ಕೇಳುತ್ತಾ ಓಡಾಡಿದ. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಅವನ ಹೆಂಡತಿಗೇ ಮಾಡಿಸಿದರು. ನಿನಗಾದರೂ ಹೇಳುತ್ತೇನೆ, ಹೆದರಬೇಡ.

ಮೂರು ತಿಂಗಳ ಮೇಲೆ ಟೆಸ್ಟಿಗೆ ಬಾ ಅಂದಿದ್ದರು. ಸುಗ್ಗಿ ಇತ್ತು, ಹೋಗಲಿಲ್ಲ. ಏನೂ ಆಗಿಲ್ಲ.

ನಿವೃತ್ತ ಸಿಸ್ಟರ್, ಗದಗ:

ನಾನು ಸರ್ಕಾರಿ ಉಪಕೇಂದ್ರಗಳಲ್ಲಿ 31 ವರ್ಷ ಎಎನ್‌ಎಂ (ಹಳ್ಳಿಗಳ ಆರೋಗ್ಯ ನೋಡಿಕೊಳ್ಳುವ ನರ್ಸ್) ಆಗಿದ್ದೆ. ಆಪರೇಶನ್‌ಗೆ ಹೆಣ್ಣುಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಹೋದವರಲ್ಲಿ ನಾನೂ ಒಬ್ಬಳು. ಟಾರ್ಗೆಟ್ ಇರುತ್ತಿತ್ತು. ಹಾಗಾಗಿ ಈ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ಮುಂಡರಗಿಯವರಿಗೆ. ಅಣ್ಣಾ, ನೀವು ಟೆಸ್ಟ್ ಬಿಟ್ಟದ್ದು ದೊಡ್ಡ ತಪ್ಪು. ಆಪರೇಶನ್ ಆದ ದಿನವೇ ಗಂಡಸಿನ ವೀರ್ಯದಲ್ಲಿ ವೀರ್ಯಾಣು ನಿಲ್ಲುವುದಿಲ್ಲ. ಕತ್ತರಿಸಿದ ಜಾಗದಿಂದ ಮುಂದಿನ ನಾಳದಲ್ಲಿ ಉಳಿದಿರುತ್ತವೆ. ಅವು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ (ಕಾಂಡೋಮ್) ಬಳಸಲೇಬೇಕು. ಮೂರು ತಿಂಗಳ ನಂತರ ಒಂದು ಡಬ್ಬಿಯಲ್ಲಿ ವೀರ್ಯ ಕೊಟ್ಟು, ಲ್ಯಾಬಿನವರು ಒಂದೂ ಇಲ್ಲ ಅಂದ ಮೇಲೆ ಮುಗಿಯಿತು ಅಂತ ಅರ್ಥ.

ನನ್ನ ಏರಿಯಾದಲ್ಲಿ ಒಬ್ಬ ಮಾಡಿಸಿಕೊಂಡ. ಟೆಸ್ಟಿಗೆ ಬರಲಿಲ್ಲ, ನಿರೋಧ್ ಬಳಸಲಿಲ್ಲ. ಎರಡನೇ ತಿಂಗಳಿಗೆ ಹೆಂಡತಿ ಮುಟ್ಟು ನಿಂತಿತು. ಊರವರು ಏನಂದರು ಅಂತ ನಾನು ಬರೆಯಬೇಕಿಲ್ಲ ಅಲ್ವಾ? ಆಪರೇಶನ್ ಆದವನ ಹೆಂಡತಿ ಬಸಿರು ಅಂದರೆ ಬಯ್ಯಿಸಿಕೊಳ್ಳುವವಳು ಆಕೆ. ಅತ್ತೆ ತವರಿಗೆ ಕಳಿಸಿಬಿಟ್ಟರು. ನಾನು ಆ ಗಂಡನನ್ನು ಕೈ ಹಿಡಿದು ಲ್ಯಾಬಿಗೆ ಕರೆದುಕೊಂಡು ಹೋದೆ. ವೀರ್ಯಾಣು ಇನ್ನೂ ಇದ್ದವು. ಆ ಚೀಟಿ ತೆಗೆದುಕೊಂಡು ಹೋಗಿ ಅತ್ತೆಗೆ ಓದಿ ಹೇಳಿದೆ. ಆಮೇಲೆ ಕರೆದುಕೊಂಡು ಬಂದರು, ಆದರೆ ಆ ಹುಡುಗಿ ನಗುವುದನ್ನು ನಾನು ಮತ್ತೆ ನೋಡಲಿಲ್ಲ. ಟೆಸ್ಟಿನ ಚೀಟಿ ನಿಮಗಾಗಿ ಅಲ್ಲ, ನಿಮ್ಮ ಹೆಂಡತಿಗಾಗಿ.

ಅಕಸ್ಮಾತ್ ಹಾಗೇನಾದರೂ ಆದರೆ, ಗರ್ಭನಿರೋಧಕ ವಿಫಲವಾದ ಕಾರಣಕ್ಕೆ ಗರ್ಭಪಾತ ಮಾಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. 18 ದಾಟಿದ ಹೆಂಗಸಿಗೆ ಆಕೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಡ.

ಈಗ ಬ್ಯಾಡಗಿಯವರಿಗೆ. ಕಸುವು ಹೋಗುವುದಿಲ್ಲ. ಗಂಡಸುತನದ ಹಾರ್ಮೋನು ಬೀಜದಲ್ಲಿ ಹುಟ್ಟಿ ನೇರ ರಕ್ತಕ್ಕೆ ಸೇರುತ್ತೆ, ನಾವು ಕತ್ತರಿಸುವ ನಾಳದಲ್ಲಿ ಅದು ಹರಿಯುವುದೇ ಇಲ್ಲ. ವೀರ್ಯ ಮೊದಲಿನಂತೆಯೇ ಬರುತ್ತೆ, ಅದರಲ್ಲಿ ವೀರ್ಯಾಣು ಇರುವುದಿಲ್ಲ ಅಷ್ಟೆ. 48 ತಾಸು ಪೂರ್ತಿ ವಿಶ್ರಾಂತಿ, ಒಂದು ವಾರ ಭಾರ ಎತ್ತಬೇಡಿ. ಜ್ವರ ಬಂದರೆ, ಬಾವು ಹೆಚ್ಚಿದರೆ, ಕೀವು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಒಂದು ಮಗುವಿಗಾದರೂ ಒಂದು ವರ್ಷ ದಾಟಿರಬೇಕು ಅನ್ನುವುದು ನಿಯಮ, ನಿಮಗೆ ಅದರ ಅಡ್ಡಿ ಇಲ್ಲ.

ಹೆಂಗಸರದು ಹಾಗಲ್ಲ. ಹೊಟ್ಟೆ ತೆರೆಯಬೇಕು. ಎರಡು ಸಿಜೇರಿಯನ್ ಆದ ಹೊಟ್ಟೆಯಲ್ಲಿ ಒಳಗೆ ಅಂಟಿಕೊಂಡಿರಬಹುದು, ಅದರ ಮೇಲೆ ಎಚ್‌ಬಿ 8.4. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಕಡೆ ಒಂದೇ ಕ್ಯಾಂಪಿನಲ್ಲಿ ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಆಪರೇಶನ್ ಮಾಡಿದ್ದರು. ಆ ವಾರದ ಕ್ಯಾಂಪುಗಳಲ್ಲಿ 13 ಹೆಣ್ಣುಮಕ್ಕಳು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದಲ್ಲಿ ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಿ ಅಂದಿತು. ಬಿಲಾಸಪುರದ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಕರೆದುಕೊಂಡು ಹೋದವರ ಮುಖಗಳೇ ಕಣ್ಣ ಮುಂದೆ ಬಂದವು.

ಗಂಡಸರು ಯಾಕೆ ಹೆದರುತ್ತಾರೆ ಅನ್ನುವುದೂ ನನಗೆ ಗೊತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಶಾಲೆಯ ಹುಡುಗಿ. ಊರಿಗೆ ಜೀಪು ಬಂದರೆ ಗಂಡಸರು ಜೋಳದ ಹೊಲಕ್ಕೆ ಓಡುತ್ತಿದ್ದರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಶನ್ ಆದವು, ಅದರಲ್ಲಿ 60 ಲಕ್ಷಕ್ಕೂ ಜಾಸ್ತಿ ಗಂಡಸರದು. ಬಲವಂತದ್ದು ಬಹಳ. ಆ ಹೆದರಿಕೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿಯಿತು. ಆಮೇಲೆ ಇಲಾಖೆ ಪೂರ್ತಿ ಹೆಂಗಸರ ಕಡೆ ತಿರುಗಿತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಶನ್ ಆಗಿದೆ. ಗಂಡಸರ ಸಾಲಿನಲ್ಲಿ 0.0 ಅಂತ ಇದೆ. ಈಗಿನ ವಿಧಾನಕ್ಕೂ ಆಗಿನದಕ್ಕೂ ಸಂಬಂಧ ಇಲ್ಲ. ಈ ಬ್ಲೇಡಿಲ್ಲದ ವಿಧಾನ 1974ರಲ್ಲಿ ಚೀನಾದಲ್ಲಿ ಶುರುವಾಗಿ, ತೊಂಬತ್ತರ ದಶಕದಲ್ಲಿ ನಮ್ಮಲ್ಲಿಗೆ ಬಂತು.

ನಿಮ್ಮ ಅಕ್ಕನ ವಿಷಯ ಓದಿ ಸಂಕಟವಾಯಿತು. ಬಿಳುಪು ಹೋಗುವುದು ಬಹಳ ಸಲ ಸೋಂಕು. ಗುಳಿಗೆಗೆ ವಾಸಿಯಾಗುತ್ತೆ, ಕೆಲವು ಸೋಂಕಿಗೆ ಗಂಡ ಹೆಂಡತಿ ಇಬ್ಬರೂ ಗುಳಿಗೆ ತಗೋಬೇಕು. ಅದಕ್ಕೆ ಗರ್ಭಚೀಲ ತೆಗೆಯುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ 30ಕ್ಕೇ ಮುಟ್ಟು ನಿಂತ ಹೆಂಗಸಿನ ಹಾಗೆ ಮೂಳೆ ಸವೆಯುತ್ತೆ. ಡಿಸ್ಚಾರ್ಜ್ ಚೀಟಿ ಇದ್ದರೆ ಏನೇನು ತೆಗೆದಿದ್ದಾರೆ ಅಂತ ನೋಡಿ, ಅದನ್ನು ತೆಗೆದುಕೊಂಡು ಹುಬ್ಬಳ್ಳಿಯ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ (ಮೊದಲು ಕಿಮ್ಸ್ ಅಂತಿದ್ದದ್ದು) ಒಮ್ಮೆ ತೋರಿಸಿ. ಇನ್ನೂ 39, ಔಷಧ ಇದೆ.

ಕೊನೆಗೆ ಒಂದು ಮಾತು. ನಿಮ್ಮ ಇಡೀ ಪತ್ರದಲ್ಲಿ ಅವ್ವ ಏನಂದರು, ಕಾಕಾ ಏನಂದರು ಇದೆ. ಹೆಂಡತಿ ಏನಂದರು ಅಂತ ಇಲ್ಲ. ಆಕೆಯನ್ನು ಕೇಳಿದಿರಾ?

ಹಾವೇರಿ 27:

ಒಂದು ಸಂಶಯ. ಇನ್ನೂ 33 ವಯಸ್ಸು. ನಾಳೆ ಇನ್ನೊಂದು ಮಗು ಬೇಕು ಅನ್ನಿಸಿದರೆ? ಮತ್ತೆ ಜೋಡಿಸಬಹುದು ಅಂತ ಎಲ್ಲೋ ನೋಡಿದ್ದೆ.

ನಿವೃತ್ತ ಸಿಸ್ಟರ್, ಗದಗ:

ಜೋಡಿಸುವ ಆಪರೇಶನ್ ಇದೆ. ಆದರೆ ಕಷ್ಟದ್ದು, ಖರ್ಚಿನದು, ಮಗು ಆಗೇ ಆಗುತ್ತೆ ಅನ್ನುವ ಭರವಸೆ ಇಲ್ಲ. ಮಾಡಿಸಿಕೊಳ್ಳುವಾಗ ಇದು ಶಾಶ್ವತ ಅಂತಲೇ ತಿಳಿಯಬೇಕು. ಮನಸ್ಸು ಗಟ್ಟಿ ಇಲ್ಲದವರು ಕಾಯಲಿ. ಹೆಂಗಸರಿಗೆ ಕಾಪರ್-ಟಿ ಇದೆ, ಮೂರು ತಿಂಗಳಿಗೊಮ್ಮೆ ತಗೊಳ್ಳುವ ಅಂತರಾ ಇಂಜೆಕ್ಷನ್ ಇದೆ, ಛಾಯಾ ಗುಳಿಗೆ ಇದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಗಂಡಸಿಗೆ ನಿರೋಧ್ ಇದ್ದೇ ಇದೆ.

ಹಳೇ ಹುಬ್ಬಳ್ಳಿ ಟೇಲರಕ್ಕ:

ನಮ್ಮ ಮನೆಯವರು ಮಾಡಿಸಿಕೊಂಡು ಆರು ವರ್ಷ. ಅತ್ತೆಗೆ ಮೊದಲು ಹೇಳಲಿಲ್ಲ, ಆಮೇಲೆ ಗೊತ್ತಾಗಿ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟರು. ಮಗನ ಜೊತೆ ಅಲ್ಲ, ನನ್ನ ಜೊತೆ! "ಈಕಿನ ತಲಿ ಕೆಡಿಸ್ಯಾಳ" ಅಂತ. ಅದಕ್ಕೇ ಹೇಳುತ್ತೇನೆ ಅಣ್ಣಾ, ನಿಮ್ಮ ಅವ್ವನಿಗೆ ನೀವೇ ಹೇಳಬೇಕು, ಇದು ನನ್ನ ನಿರ್ಧಾರ ಅಂತ ನಾಲ್ಕು ಜನರ ಮುಂದೆ ಹೇಳಬೇಕು. ಇಲ್ಲದಿದ್ದರೆ ಕೆಟ್ಟ ಹೆಸರು ವೈನಿ ಮೇಲೆ, ಅಂದರೆ ನಿಮ್ಮ ಹೆಂಡತಿ ಮೇಲೆ ಬರುತ್ತೆ. ಆದರೆ ಅವ್ವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೇಗೂ ಹೆಂಗಸರಿಗೆ ಬಸ್ಸು ಪುಕ್ಕಟೆ. ನಮ್ಮ ಮಾತಿಗಿಂತ ಬಿಳಿ ಕೋಟಿನವರ ಮಾತು ಅವರಿಗೆ ನಾಟುತ್ತೆ.

ವೈನಿಯ ರಕ್ತದ ಬಗ್ಗೆ ಒಂದು ಮಾತು. ನನ್ನ ಮಗಳಿಗೆ 14. ಶಾಲೆಯಲ್ಲಿ ಪರೀಕ್ಷೆ ಮಾಡಿದರು, 9.6 ಬಂತು. ಆಕೆಯ ವಯಸ್ಸಿಗೆ 12 ಇರಬೇಕಂತೆ. ನನಗೆ ಆಗ ಹೊಳೆಯಿತು. ನನಗೆ ಬಸಿರಿನಲ್ಲಿ ರಕ್ತ ಕಡಿಮೆ ಆಯಿತು ಅಂತ ನಾನು ತಿಳಿದಿದ್ದೆ. ಇಲ್ಲ, ಮುಟ್ಟು ಶುರುವಾದಾಗಿನಿಂದ ಕಡಿಮೆಯೇ ಇತ್ತು, ಯಾರೂ ನೋಡಿರಲಿಲ್ಲ. ಈಗ ಮಗಳಿಗೆ ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಗುಳಿಗೆ ನಾನೇ ನಿಂತು ನುಂಗಿಸುತ್ತೇನೆ. ಊಟ ಆದ ಮೇಲೆ, ಲಿಂಬಿಹಣ್ಣಿನ ಪಾನಕದ ಜೊತೆ. ಚಹಾ ಜೊತೆ ತಗೊಂಡರೆ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾಗುತ್ತೆ, ಹೆದರಬಾರದು. ಮನೆಯಲ್ಲಿ ಗಂಡಸರ ಊಟ ಆದ ಮೇಲೆ ಹೆಣ್ಣುಮಕ್ಕಳು ಅನ್ನುವುದನ್ನೂ ನಿಲ್ಲಿಸಿದೆ. ಪಲ್ಯ ತಳಕ್ಕೆ ಬಂದಾಗ ಉಣ್ಣುವವರು ನಾವೇ ಅಲ್ವಾ? ಈಗ ಎಲ್ಲರೂ ಒಟ್ಟಿಗೆ ಕೂಡುತ್ತೇವೆ. ನಿಮ್ಮ ಮಗಳಿಗೆ ಐದು ವರ್ಷ. ಒಟ್ಟಿಗೆ ಕೂತು ಉಣ್ಣುವುದನ್ನು ಈಗಲೇ ಶುರುಮಾಡಿ.

ಬ್ಯಾಡಗಿ ಗಾಡಿಯವ:

ಎಲ್ಲರಿಗೂ ಧನ್ಯವಾದ. ಹತ್ತು ದಿನ ಆಯಿತು, ಸೀಸನ್ ಗಡಿಬಿಡಿಯಲ್ಲಿ ಬರೆಯಲು ಆಗಲಿಲ್ಲ.

ಸಿಸ್ಟರ್, ನೀವು ಕೇಳಿದ್ದು ನಿಜ. ನಾನು ಆಕೆಯನ್ನು ಕೇಳಿರಲೇ ಇಲ್ಲ. ಆಕೆಗೆ ಒಳ್ಳೆಯದು ಮಾಡುತ್ತಿದ್ದೇನೆ, ಇನ್ನು ಕೇಳುವುದೇನು ಅಂದುಕೊಂಡಿದ್ದೆ. ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಾಕಾ ಅಂದಿದ್ದು ಖರೇ ಏನು? ನಾ ಸತ್ರ ಅಂತ ಲೆಕ್ಕ ಹಾಕ್ಯಾರೇನು?" ಅಂದಳು. ನನಗೆ ಮಾತು ಹೊರಡಲಿಲ್ಲ. ಆಪರೇಶನ್ ಬಗ್ಗೆ ಕೇಳಿದರೆ, ನೀವು ಮಾಡಿಸಿಕೊಳ್ಳಿ, ಆದರೆ ಮೂರು ತಿಂಗಳ ಟೆಸ್ಟಿಗೆ ನಾನೂ ಬರುತ್ತೇನೆ, ಚೀಟಿ ನನ್ನ ಕೈಗೆ ಕೊಡಬೇಕು ಅಂದಳು. ಸಿಸ್ಟರ್ ಬರೆದದ್ದನ್ನು ಆಕೆಗೆ ಓದಿ ಹೇಳಿದ್ದೆ. ಆಮೇಲೆ ಆಕೆಯೇ ಇನ್ನೊಂದು ವಿಷಯ ಹೇಳಿದಳು. ನಾಲ್ಕು ತಿಂಗಳಿಂದ ಮುಟ್ಟು ಎಂಟು ದಿನ, ಒಂಬತ್ತು ದಿನ ಹೋಗುತ್ತಿದೆಯಂತೆ. ನಮ್ಮ ಅಕ್ಕನ ಹಾಗೆ ಗರ್ಭಚೀಲ ತೆಗೆಸುತ್ತಾರೆ ಅಂತ ಹೆದರಿ ಬಾಯಿ ಬಿಟ್ಟಿರಲಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತೇವೆ, ನನಗೆ ಗೊತ್ತಿರಲಿಲ್ಲ.

ಮರುದಿನ ಗಾಡಿ ನಿಲ್ಲಿಸಿ ಇಬ್ಬರನ್ನೂ ಕರೆದುಕೊಂಡು ಹೋದೆ, ಆಕೆಯನ್ನೂ ಅವ್ವನನ್ನೂ. ಲೇಡಿ ಡಾಕ್ಟರ್ ಸ್ಕ್ಯಾನ್ ಮಾಡಿ, ಗರ್ಭಚೀಲ ಚೆನ್ನಾಗಿದೆ, ಗುಳಿಗೆ ಸಾಕು ಅಂದರು. ಕಬ್ಬಿಣದ ಗುಳಿಗೆ ದಿನಕ್ಕೆ ಎರಡು ಕೊಟ್ಟಿದ್ದಾರೆ. ಅವ್ವ ಡಾಕ್ಟರನ್ನು ನೇರ ಕೇಳಿದಳು, ನನ್ನ ಮಗ ಚೀಲ ಎತ್ತುತ್ತಾನೋ ಇಲ್ಲವೋ ಅಂತ. ಎತ್ತುತ್ತಾರೆ ಅಂದರು. ಅವ್ವ ಪೂರ್ತಿ ಒಪ್ಪಿಲ್ಲ. ಬರುವಾಗ ದಾರಿಯಲ್ಲಿ, "ನಿಮ್ಮಕ್ಕಗ ಇದನ್ನ ಯಾರೂ ಹೇಳಲಿಲ್ಲ" ಅಂದಳು. ಮತ್ತೇನೂ ಅನ್ನಲಿಲ್ಲ.

ಬರುವ ಮಂಗಳವಾರ ಬಾ ಅಂದಿದ್ದಾರೆ. ಸೋಮವಾರದ ಮಾರ್ಕೆಟ್ ಲೋಡ್ ಮುಗಿಸಿ ಹೋಗುತ್ತೇನೆ. ಒಂದು ವಾರ ಗಾಡಿ ಓಡಿಸಲು ಗೆಳೆಯನಿಗೆ ಹೇಳಿದ್ದೇನೆ. ಯಾಕೆ ಅಂತ ಕೇಳಿದ. ಹರ್ನಿಯಾ ಅನ್ನಲಿಲ್ಲ, ಇದ್ದದ್ದು ಹೇಳಿದೆ. ಅವನಿಗೂ ಎರಡು ಮಕ್ಕಳು. ಆಮೇಲೆ ಮನೆಗೆ ಬಂದು ಒಂದು ತಾಸು ಕೂತು ಎಲ್ಲಾ ಕೇಳಿಕೊಂಡು ಹೋದ.

ಮುಂಡರಗಿ ರೈತ:

ತಮ್ಮಾ, ಗಾಡಿಯಲ್ಲೇ ವಾಪಸ್ ಬಾ, ಆದರೆ ನೀನು ಓಡಿಸಬೇಡ.

ಸಿಸ್ಟರ್, ನಾನು ನಿನ್ನೆ ಗದಗಕ್ಕೆ ಹೋಗಿ ಟೆಸ್ಟ್ ಕೊಟ್ಟು ಬಂದೆ. ಒಂದೂ ಇಲ್ಲ ಅಂತ ಬಂತು. ಚೀಟಿ ಹೆಂಡತಿಗೆ ಕೊಟ್ಟೆ. ಓದಿ ಮಡಚಿ ಟ್ರಂಕಿನಲ್ಲಿ ಪಹಣಿ ಪತ್ರದ ಜೊತೆ ಇಟ್ಟಳು. ನಾಲ್ಕು ವರ್ಷ ಪ್ರತಿ ತಿಂಗಳು, ಮುಟ್ಟು ಎರಡು ದಿನ ತಡವಾದರೆ ಆಕೆಗೆ ನಿದ್ದೆ ಬರುತ್ತಿರಲಿಲ್ಲವಂತೆ. ನಿನ್ನೆ ಹೇಳಿದಳು.